ಹುಳದ ಮನೆಯ ಹನ್ನೊಂದು ಸಾಲು

ನಮ್ಮವ್ವ ಓದುವುದು ಹುಳಕ್ಕೆ ಜ್ವರ ಬಂದಾಗ. ಇದನ್ನು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ರೇಷ್ಮೆ ಹುಳ ಪೊರೆ ಕಳಚುವ ಮುಂಚೆ ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಸೊಪ್ಪು ಹಾಕಿದರೂ ತಿನ್ನುವುದಿಲ್ಲ, ಹಾಕಲೂಬಾರದು. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಮೊದಲೆರಡು ಮರಿಹುಳ ಸಾಕಿ ಮಾರುವವರ ಹತ್ತಿರವೇ ಮುಗಿದಿರುತ್ತವೆ. ನಮ್ಮ ಮನೆಗೆ ಬರುವುದು ಮೂರನೆಯದು ಮತ್ತು ನಾಲ್ಕನೆಯದು. ಆ ಎರಡು ದಿನ ಸೊಪ್ಪು ಕೊಯ್ಯುವುದಿಲ್ಲ, ಹೆಚ್ಚುವುದಿಲ್ಲ, ಹರಡುವುದಿಲ್ಲ. ಹುಳಕ್ಕೆ ಉಪವಾಸ, ಅವ್ವನಿಗೆ ಓದು.

ಮನೆಯ ಪಡಸಾಲೆಯಲ್ಲಿ ಕೂತು ಓದಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಪಡಸಾಲೆಯಲ್ಲಿ ಅಜ್ಜಿ ಇರುತ್ತಾಳೆ, ಅಪ್ಪ ಕಾಫಿ ಕೇಳುತ್ತಾನೆ, ಹಾಲಿನ ಡೇರಿಯವರು ಬರುತ್ತಾರೆ, ಓದುವವಳನ್ನು ಕಂಡರೆ ಕೆಲಸವಿಲ್ಲದವಳು ಎಂದು ಎಲ್ಲರಿಗೂ ಅನ್ನಿಸುತ್ತದೆ. ಹುಳದ ಮನೆಗೆ ಯಾರೂ ಬರುವಂತಿಲ್ಲ. ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿದ ತೊಟ್ಟಿ, ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಹೊರಗಿನವರಿಂದ ರೋಗ ಬರುತ್ತದೆಂದು ಹೊರಗಿನವರಿಗೆ ಪ್ರವೇಶವೇ ಇಲ್ಲ. ಬಿಡದಿಯ ಕಾರ್ಖಾನೆಯ ಬಸ್ಸಿನಲ್ಲಿ ನೂರು ಜನರ ಮೈ ಉಜ್ಜಿಕೊಂಡು ಬರುವ ನನಗೂ ಇಲ್ಲ. ಬೈರಾಪಟ್ಟಣದ ಆಚೆಗಿನ ನಮ್ಮ ಊರಿನಲ್ಲಿ ಒಬ್ಬ ಹೆಂಗಸಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂರುವ ಹಕ್ಕು ಸಿಕ್ಕಿದ್ದರೆ ಅದು ಹುಳುಗಳ ದಯೆಯಿಂದ.

ಅವಳು ಓದುತ್ತಿದ್ದದ್ದು ನನ್ನ ಬಹುಮಾನಗಳನ್ನು. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಬಹುಮಾನವಾಗಿ ಪುಸ್ತಕ ಕೊಡುತ್ತಾರೆ. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಎಂದು ಸುತ್ತಿ ಸುತ್ತಿ ನಾನು ಗೆದ್ದು ತಂದ ಪುಸ್ತಕಗಳು ಒಂದು ಕಪಾಟು ತುಂಬಿದ್ದವು. ನಾನು ಅವುಗಳಲ್ಲಿ ಒಂದನ್ನೂ ಪೂರ್ತಿ ಓದಿರಲಿಲ್ಲ. ನನಗೆ ಬೇಕಿದ್ದದ್ದು ಗೆಲುವು, ಪುಸ್ತಕ ಅದರ ರಸೀತಿ. ಅವ್ವ ಒಂದೊಂದನ್ನೂ ಎರಡೆರಡು ಸಲ ಓದಿದ್ದಳು. ಸಾಲದ್ದಕ್ಕೆ ನನ್ನ ಕಾರ್ಡಿನಲ್ಲಿ ಚನ್ನಪಟ್ಟಣದ ಗ್ರಂಥಾಲಯದಿಂದ ಕಾದಂಬರಿ ತಂದುಕೊಡುತ್ತಿದ್ದೆ.

ಕನಕಪುರದ ಕಾಲೇಜಿನಲ್ಲಿ ಒಮ್ಮೆ ವಿಷಯ ಹೀಗಿತ್ತು: ಅಚ್ಚಿನ ಪುಸ್ತಕದ ಜಾಗವನ್ನು ಯಂತ್ರ ತುಂಬಲಾರದು. ನಾನು ಪರ ಮಾತಾಡಿ ಮೊದಲ ಬಹುಮಾನ ತಂದೆ. ಮುಂದಿನ ತಿಂಗಳು ಮಾಗಡಿಯಲ್ಲಿ ಹೆಚ್ಚುಕಡಿಮೆ ಅದೇ ವಿಷಯ, ಚೀಟಿಯಲ್ಲಿ ವಿರೋಧ ಬಂತು. ವಿರೋಧ ಮಾತಾಡಿ ಅಲ್ಲೂ ಮೊದಲ ಬಹುಮಾನ ತಂದೆ. ಪುಸ್ತಕ ಓದಲು ಬಳಸುವ ಆ ಯಂತ್ರವನ್ನು ನಾನು ಆವರೆಗೆ ಕಣ್ಣಿನಿಂದಲೂ ನೋಡಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು.

ಕಳೆದ ವರ್ಷ ಒಂದು ಬೆಳೆ ಕೈಕೊಟ್ಟಿತು. ನಾಲ್ಕನೆಯ ಜ್ವರದಿಂದ ಎದ್ದ ಮೂರನೇ ದಿನ ಹುಳಗಳು ಮೆತ್ತಗಾಗಿ, ಸೊಪ್ಪು ಬಿಟ್ಟು, ಸಾಲುಸಾಲಾಗಿ ಸತ್ತವು. ಸಪ್ಪೆ ರೋಗ. ಅಪ್ಪ ಸೊಪ್ಪು ಒದ್ದೆ ಇತ್ತೇನೋ ಅಂದ, ಸೆಕೆ ಜಾಸ್ತಿ ಆಯಿತೇನೋ ಅಂದ. ಅಜ್ಜಿಗೆ ಮಾತ್ರ ಅನುಮಾನವೇ ಇರಲಿಲ್ಲ. ಅಪ್ಪನ ತಾಯಿ ಅವಳು, ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹುಳ ಕಂಡವಳು.

"ಆ ಲೈಬ್ರರಿ ಪುಸ್ತಕ" ಅಂದಳು. "ಕಂಡೋರ ಕೈಲೆಲ್ಲಾ ತಿರುಗಿ ಬಂದಿರೋದು. ಯಾರ ಮನೇಲಿ ಹುಳ ಸತ್ತಿತ್ತೋ ಆ ಮನೆಗೂ ಹೋಗಿ ಬಂದಿರ್ತದೆ. ಅದ್ನ ತಂದು ಹುಳದ ತಟ್ಟೆ ಪಕ್ಕ ಮಡಗಿದ್ರೆ ಇನ್ನೇನಾಯ್ತದೆ?"

ನಾನು ಸುಮ್ಮನಿರಬಹುದಿತ್ತು. "ಪುಸ್ತಕದಿಂದಲೇ ಬಂತು ಅನ್ನೋಕೆ ಸಾಕ್ಷಿ ಏನಜ್ಜಿ?" ಅಂದೆ.

"ಸಾಕ್ಷಿನಾ? ತಿಪ್ಪೇಲಿ ಬಿದ್ದವೆ. ಹೋಗಿ ಎಣಿಸ್ಕೊಂಡ್ ಬಾ."

"ಜೊತೇಲಿ ಇದ್ದ ಮಾತ್ರಕ್ಕೆ ಅದೇ ಕಾರಣ ಆಗಲ್ಲ ಅಜ್ಜಿ."

"ನಿಮ್ಮಪ್ಪ ನಿಮ್ಮವ್ವನ ಜೊತೇಲಿ ಇದ್ದಿದ್ದೇ. ಹಂಗಾರೆ ನೀ ಹುಟ್ಟಾಕೆ ಅವ್ನು ಕಾರಣ ಅಲ್ವೇನೆ?"

ಅಪ್ಪ ಊಟದ ತಟ್ಟೆಯ ಮುಂದೆ ಕೂತಿದ್ದವನು ನಕ್ಕು ಮುದ್ದೆ ನುಂಗಲಾರದೆ ಕೆಮ್ಮಿದ. "ನಿಮ್ಮಜ್ಜಿ ಗೆದ್ಲು ಕಣವ್ವ. ನಿನ್ನ ಬಹುಮಾನ ಅವಳಿಗೇ ಕೊಟ್ಬುಡು" ಅಂದ.

ತೀರ್ಪು ಬಂತು. ಹುಳದ ಮನೆಗೆ ಇನ್ನು ಕಾಗದವೇ ಹೋಗಕೂಡದು, ಊರವರದ್ದೂ ಬೇಡ, ನಮ್ಮದೂ ಬೇಡ. ಕಪಾಟಿನ ಪುಸ್ತಕಗಳೂ ಹೊರಗೆ ಹೋಗಬೇಕು, ಏಕೆಂದರೆ ಕಪಾಟಿನಲ್ಲಿದ್ದರೆ ಅವ್ವ ಸೆರಗಿನಲ್ಲಿ ಬಚ್ಚಿಟ್ಟು ಒಯ್ಯುತ್ತಾಳೆಂಬುದು ಅಜ್ಜಿಗೆ ಗೊತ್ತಿತ್ತು. ಮರಳವಾಡಿ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಪಾಠ ಮಾಡುವ ನನ್ನ ಗೆಳತಿಗೆ ಫೋನ್ ಮಾಡಿದೆ. ಅವಳು ಕುಣಿದಾಡಿದಳು. ಎರಡು ಗೋಣಿಚೀಲದಲ್ಲಿ ಕಟ್ಟಿ ಕಳಿಸಿದೆವು. ಚೀಲದ ಬಾಯಿ ಹೊಲಿದವಳು ಅವ್ವನೇ.

"ಹೋಗ್ಲಿ ಬುಡು. ಓದ್ದೆ ಇದ್ರೆ ಯಾರೂ ಸಾಯಕಿಲ್ಲ" ಅಂದಳು.

ಅದರ ಮುಂದಿನ ಬೆಳೆಯಲ್ಲಿ, ಮೂರನೆಯ ಜ್ವರದ ದಿನ ಭಾನುವಾರ ಬಿತ್ತು. ನಾನು ಊರಿನಲ್ಲಿದ್ದೆ. ಹುಳದ ಮನೆಯ ಕಿಟಕಿಗೆ ನೊಣ ಬಾರದಂತೆ ಬಲೆ ಹೊಡೆದಿದೆ, ಅದರ ಆಚೆ ಅವ್ವ ಕೂತಿದ್ದಳು. ಕೈಯಲ್ಲಿ ಒಂದು ಹಿಪ್ಪುನೇರಳೆ ಕಡ್ಡಿ. ಅದರ ಸಿಪ್ಪೆಯನ್ನು ಉಗುರಿನಲ್ಲಿ ಸುಲಿಯುತ್ತಿದ್ದಳು. ಸುಲಿದದ್ದನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟು ಇನ್ನೊಂದು ಕಡ್ಡಿ ತೆಗೆದುಕೊಂಡಳು. ಹುಳಗಳೆಲ್ಲ ತಲೆ ಎತ್ತಿ ನಿಂತಿದ್ದವು. ಅವಳೂ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ, "ಊಟ ಮಾಡ್ದಾ?" ಅಂದಳು. ಅಷ್ಟೇ.

ನನ್ನ ಫೋನನ್ನು ಕವರಿನಲ್ಲಿ ಹಾಕಿ ಕೊಟ್ಟು ನೋಡಿದೆ. ಅವ್ವನಿಗೆ ಅರೆತಲೆನೋವಿದೆ. ಅರ್ಧ ಗಂಟೆಗೆ ಹಣೆ ಹಿಡಿದುಕೊಂಡು, "ಬೆಳಕು ಕಣ್ಣಿಗೆ ಚುಚ್ತದೆ ಕಣವ್ವ, ಬ್ಯಾಡ" ಎಂದು ವಾಪಸು ಕೊಟ್ಟಳು.

ಆಗ ನೆನಪಾದದ್ದು ಮಾಗಡಿಯಲ್ಲಿ ನಾನೇ ಕಂಡವಳಂತೆ ಹೊಗಳಿದ್ದ ಆ ಯಂತ್ರ, ಇ-ರೀಡರ್. ಓದಲೆಂದೇ ಮಾಡಿದ್ದು. ಫೋನಿನಂತೆ ಕಣ್ಣಿಗೆ ಬೆಳಕು ಎರಚುವುದಿಲ್ಲ, ಕಾಗದದಂತೆ ಕಾಣುತ್ತದೆ, ಬೇಕಾದಷ್ಟು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಹೊಸದರ ಬೆಲೆ ನೋಡಿ ಕೈಬಿಟ್ಟಿದ್ದೆ. ಆದರೆ ಬಿಡದಿಯ ನಮ್ಮ ಆಫೀಸಿನಲ್ಲಿ ಒಬ್ಬರು ಉತ್ಸಾಹದಲ್ಲಿ ಕೊಂಡು ಒಂದು ವಾರ ಬಳಸಿ ಮೇಜಿನ ಡ್ರಾಯರಿನಲ್ಲಿ ಮಲಗಿಸಿದ್ದರು. ಸಾಧಾರಣ ಫೋನಿನ ಬೆಲೆಯ ಕಾಲುಭಾಗಕ್ಕೆ ಕೊಟ್ಟರು. ಅದರೊಳಗಿನ ಅಂಗಡಿಯಲ್ಲಿ ಕನ್ನಡ ಹುಡುಕಿದರೆ ಬರಗಾಲ. ಕೊನೆಗೆ ಫೈಲಿನ ರೂಪದಲ್ಲೇ ಮಾರುವ ಒಂದಿಬ್ಬರು ಪ್ರಕಾಶಕರು ಸಿಕ್ಕರು. ಅಚ್ಚಿನ ಒಂದು ಪುಸ್ತಕದ ದುಡ್ಡಿಗೆ ಅಲ್ಲಿ ಮೂರು ಬಂದವು. ಫೋನಿಗೆ ಇಳಿಸಿಕೊಂಡು, ವೈರಿನಲ್ಲಿ ಅದಕ್ಕೆ ದಾಟಿಸಿದೆ. ಅಕ್ಷರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿದೆ. ಒಂದು ಪುಟಕ್ಕೆ ಹತ್ತು ಹನ್ನೊಂದು ಸಾಲು ಮಾತ್ರ ಹಿಡಿಯುತ್ತಿತ್ತು. ಅವ್ವನ ಕಣ್ಣಿಗೆ ಸುಖವಾಗಿರಲಿ ಅಂತ.

ಈಗ ಅಜ್ಜಿಯನ್ನು ಒಪ್ಪಿಸಬೇಕಿತ್ತು. ನಾನು ತಯಾರಿಯಾಗಿಯೇ ಹೋಗಿದ್ದೆ. ಸಂಜೆ ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು, ಅವ್ವ ಪಕ್ಕದಲ್ಲಿ, ಅಪ್ಪ ಸ್ವಲ್ಪ ದೂರದಲ್ಲಿ ಅಧ್ಯಕ್ಷರಂತೆ.

"ಇದು ಕಾಗದ ಅಲ್ಲ ಅಜ್ಜಿ. ಹುಳ ಸಾಕೋ ಯಾವ ಮನೆಗೂ ಹೋಗಿಲ್ಲ. ಇದರೊಳಗೆ ನೂರು ಪುಸ್ತಕ ಹಾಕಿದರೂ ಬರೋದು ಹೋಗೋದು ಏನೂ ಇಲ್ಲ. ಒಂದೇ ವಸ್ತು, ಹುಳದ ಮನೆಯಲ್ಲೇ ಇರುತ್ತೆ."

ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ತೂಗಿದಳು. ಮೂಸಿದಳು. ನನಗೆ ನಗು ಬಂತು, ತಡೆದುಕೊಂಡೆ.

"ಅದೆಲ್ಲ ಸರಿ. ತೊಳೆಯಾಕೆ ಆಯ್ತದಾ?" ಅಂದಳು. "ಹುಳದ ಮನೆ ಒಳಗಿರಾದು ಎಲ್ಲಾ ತೊಳೆಯಂಗಿರ್ಬೇಕು. ತಟ್ಟೆ ತೊಳೀತೀವಿ, ಬಲೆ ತೊಳೀತೀವಿ, ಗೋಡೆ ತೊಳೀತೀವಿ. ನಿಮ್ಮವ್ವನ ಬಳೇನೂ ತೊಳ್ದೇ ಒಳಕ್ಕೆ ಬುಡಾದು."

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಈ ಯಂತ್ರದಲ್ಲಿ ಎರಡು ಮೂರು ಮಾದರಿಗಳಿವೆ. ನೀರು ಬಿದ್ದರೂ ಕೆಡದು ಎಂದು ಬರೆದಿದ್ದದ್ದು ದುಬಾರಿ ಮಾದರಿಯ ಮೇಲೆ. ನಾನು ಕೊಂಡದ್ದು ಅಗ್ಗದ್ದು. ಅದರ ಬಗ್ಗೆ ಅಂಥ ಮಾತೇ ಇರಲಿಲ್ಲ. ನಾನು ಓದಿದ್ದೆ. ನನಗೆ ಗೊತ್ತಿತ್ತು. ಯಾರೇ ಏನೇ ಹೇಳಿದರೂ ಆಧಾರ ಕೇಳುವವಳು ನಾನು. ಹೋಟೆಲಿನ ಬೋರ್ಡಿನಲ್ಲಿ ಶುದ್ಧ ತುಪ್ಪ ಎಂದಿದ್ದರೂ ನಂಬದವಳು. ಆದರೆ ವೇದಿಕೆಯ ಮೇಲೆ ಕಲಿತ ಇನ್ನೊಂದು ವಿದ್ಯೆ ಇದೆ. ಎದುರಾಳಿ ಪರೀಕ್ಷಿಸಲಾರದ ಅಂಶವನ್ನು ಗಟ್ಟಿ ದನಿಯಲ್ಲಿ, ಕಣ್ಣಿಗೆ ಕಣ್ಣಿಟ್ಟು ಹೇಳಿಬಿಡಬೇಕು. ಗಂಟೆ ಬಾರಿಸುವ ಮುಂಚೆ ಅದನ್ನು ಯಾರೂ ಸುಳ್ಳೆಂದು ತೋರಿಸಲಾರರು.

"ಆಗುತ್ತೆ" ಅಂದೆ. "ತಟ್ಟೆ ತೊಳೆದ ಹಾಗೇ ತೊಳೀಬಹುದು. ನೀರು ಬಿದ್ರೂ ಏನೂ ಆಗಲ್ಲ."

"ಹಂಗಾರೆ ಸರಿ" ಎಂದು ಅಜ್ಜಿ ಅವರೆಕಾಯಿಗೆ ಕೈ ಹಾಕಿದಳು.

ನಾನು ಅವ್ವನ ಕಡೆ ನೋಡಿದೆ. ಅವಳು ತಲೆ ತಗ್ಗಿಸಿಕೊಂಡು ಕಾಳು ಬಿಡಿಸುತ್ತಿದ್ದಳು. ಬಾಯಿಯ ಒಂದು ಮೂಲೆ ಮಾತ್ರ ನಗುತ್ತಿತ್ತು. ಆ ಮೂಲೆ ನೋಡಿದ ಮೇಲೆ, ಅದು ಸುಳ್ಳು ಎಂದು ಅವಳನ್ನು ಪಕ್ಕಕ್ಕೆ ಕರೆದು ಹೇಳುವ ಬುದ್ಧಿ ಬರಲಿಲ್ಲ. ಬದಲಿಗೆ ಆಫೀಸಿನಿಂದ ಬಾಯಿ ಒತ್ತಿ ಮುಚ್ಚುವ ಒಂದು ದಪ್ಪ ಪ್ಲಾಸ್ಟಿಕ್ ಕವರು ತಂದು, ಯಂತ್ರವನ್ನು ಅದರಲ್ಲಿ ಹಾಕಿಕೊಟ್ಟೆ. ಕವರಿನ ಮೇಲಿಂದಲೇ ಒತ್ತಿದರೆ ಪುಟ ತಿರುಗುತ್ತಿತ್ತು. ಒದ್ದೆ ಕೈಯಾದರೂ ಚಿಂತೆಯಿಲ್ಲ. ಸುಳ್ಳಿಗೆ ಕವರು ಹೊದಿಸಿದ್ದಾಯಿತು, ಇನ್ನು ನಿಶ್ಚಿಂತೆ ಅಂದುಕೊಂಡೆ.

ಎರಡು ಬೆಳೆ ಅವ್ವ ಓದಿದಳು. ಓದು ಅಂದರೆ ಅದು ಓದು. ಜ್ವರದ ದಿನ ಮಾತ್ರವಲ್ಲ, ಹುಳ ಸೊಪ್ಪು ತಿನ್ನುವ ಹೊತ್ತಿನಲ್ಲೂ, ಒಂದು ಸಾಲು ತಟ್ಟೆಗೆ ಹರಡಿ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆಯೂ ಎರಡು ಪುಟ. ಪುಟವೆಂದರೆ ಹನ್ನೊಂದು ಸಾಲು ತಾನೆ. ಬಿಡದಿಯ ನನ್ನ ರೂಮಿಗೆ ಫೋನ್ ಬರುತ್ತಿತ್ತು. "ಆ ಹೆಂಗಸು ತಮ್ಮನ್ನ ಹುಡಿಕ್ಕಂಡು ಹೊಂಟವಳೆ ಕಣೆ, ಒಬ್ಳೇ. ಅದೂ ಟ್ರಂಕು ಹೊತ್ಕೊಂಡು." ಯಾವ ಹೆಂಗಸು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಫೈಲು ಕೊಂಡವಳು ನಾನು, ಓದಿದವಳಲ್ಲ. "ಹೌದಾ ಅವ್ವ" ಅನ್ನುತ್ತಿದ್ದೆ. ಅಪ್ಪ ರಾಮನಗರದ ಮಾರುಕಟ್ಟೆಗೆ ಗೂಡು ಒಯ್ದು ಬಂದ ದಿನ ಅಜ್ಜಿಯೂ ಒಪ್ಪಿಕೊಂಡಳಂತೆ, "ಆ ಸ್ಲೇಟು ಬಂದ್ಮೇಲೆ ಹುಳಕ್ಕೇನೂ ಆಗಿಲ್ಲ ಬುಡು." ಜೊತೆಯಲ್ಲಿದ್ದದ್ದು ಕಾರಣವಾಯಿತು. ಈ ಸಲ ನಾನು ವಾದ ಮಾಡಲಿಲ್ಲ.

ಮೂರನೆಯ ಬೆಳೆಗೆ ಮುಂಚೆ ಹುಳದ ಮನೆ ತೊಳೆಯುವ ದಿನ ಬಂತು. ಮುಂದಿನದ್ದನ್ನು ಅವ್ವನೇ ನನಗೆ ಹೇಳಿದ್ದು, ಮುಂದಿನ ಭಾನುವಾರ, ಬಹಳ ಹೆಮ್ಮೆಯಿಂದ.

ತೊಳೆಯುವುದೆಂದರೆ ಒಳಗಿನ ಸಾಮಾನೆಲ್ಲ ಅಂಗಳಕ್ಕೆ ಬರಬೇಕು. ದೊಡ್ಡ ಡ್ರಮ್ಮಿನಲ್ಲಿ ಬ್ಲೀಚಿಂಗ್ ನೀರು. ತಟ್ಟೆಗಳು, ಬಲೆಗಳು, ಹುಳ ಗೂಡು ಕಟ್ಟುವ ಚಂದ್ರಿಕೆಗಳು, ಸೊಪ್ಪಿನ ಕುಡುಗೋಲು, ಎಲ್ಲಕ್ಕೂ ಒಂದೊಂದು ಮುಳುಗು. ಅವ್ವ ಯಂತ್ರವನ್ನೂ ತಂದಳು. ಕವರಿನ ಒಳಗೂ ಏನಾದರೂ ಅಂಟಿರಬಹುದಲ್ಲ, ಅದಕ್ಕೆ ಕವರು ಬಿಚ್ಚಿದಳು. ಕವರಿಗೆ ಒಂದು ಮುಳುಗು. ಯಂತ್ರಕ್ಕೆ ಎರಡು. ಎರಡು ಯಾಕೆಂದರೆ ಅದು ದುಬಾರಿ ವಸ್ತು, ಚೆನ್ನಾಗಿ ತೊಳೆಯಬೇಕು. ಆಮೇಲೆ ಒಳ್ಳೆಯ ನೀರಿನಲ್ಲಿ ಜಾಲಿಸಿ, ಚಂದ್ರಿಕೆಯ ಮೇಲೆ ನೆರಳಿನಲ್ಲಿ ಒಣಗಲು ಇಟ್ಟಳು. ಬಿಸಿಲು ತಾಗಿದರೆ ಬಣ್ಣ ಹೋಗುತ್ತದೆಂದು.

"ಏನೂ ಆಗಿಲ್ಲ ನೋಡು, ನೀ ಹೇಳ್ದಂಗೇ" ಎಂದು ಜಗುಲಿಗೆ ತಂದು ತೋರಿಸಿದಳು. "ಅಕ್ಷರ ಹೆಂಗಿದ್ವೋ ಹಂಗೇ ಅವೆ. ತಿರುಗಾಕೆ ಮಾತ್ರ ಒಸಿ ಮೊಂಡು ಮಾಡ್ತದೆ. ಒಳಗೆ ಇನ್ನೂ ಹಸಿ ಐತೇನೋ. ಇನ್ನೆರಡು ದಿನ ಬುಟ್ರೆ ಸರಿಹೋಯ್ತದೆ."

ಅಕ್ಷರ ನಿಜಕ್ಕೂ ಹಾಗೇ ಇದ್ದವು. ಹನ್ನೊಂದು ಸಾಲು, ಸ್ಪಷ್ಟವಾಗಿ, ಕಪ್ಪಗೆ. ಆ ಪರದೆಯ ಗುಣವೇ ಅದು. ಪುಟ ತಿರುಗಿಸಲು ಮಾತ್ರ ಕರೆಂಟು ಬೇಕು, ಪುಟ ನಿಲ್ಲಲು ಬೇಡ. ಜೀವ ಹೋದರೂ ಕೊನೆಯ ಪುಟ ಮುಖದ ಮೇಲೆ ಉಳಿಯುತ್ತದೆ. ನಾನು ಗುಂಡಿ ಒತ್ತಿದೆ, ಚಾರ್ಜಿಗೆ ಹಾಕಿದೆ, ಹಿಡಿದುಕೊಂಡು ಇಪ್ಪತ್ತರವರೆಗೆ ಎಣಿಸಿದೆ. ಅಜ್ಜಿ ನೋಡುತ್ತಿದ್ದಳು.

"ರಿಪೇರಿಗೆ ಕೊಟ್ಟು ಬರ್ತೀನಿ" ಅಂದೆ.

ರಾಮನಗರದ ಬಸ್ ನಿಲ್ದಾಣದ ಹತ್ತಿರ ಫೋನ್ ರಿಪೇರಿ ಅಂಗಡಿಯಿದೆ. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸಿಮ್ ಎಲ್ಲಿ ಹಾಕೋದು ಮೇಡಂ?"

"ಸಿಮ್ ಇಲ್ಲ."

"ಕ್ಯಾಮೆರಾ?"

"ಇಲ್ಲ."

"ಹಾಡಾದ್ರೂ?"

"ಇಲ್ಲ. ಓದೋಕೆ ಮಾತ್ರ."

"ಓದೋಕ್ ಮಾತ್ರ!" ಎಂದು ಮರುಕದಿಂದ ಹಿಂಬದಿ ಬಿಚ್ಚಿದ. ಒಳಗೆ ಬೆಳ್ಳಗೆ ಪುಡಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದ. "ಬ್ಲೀಚಿಂಗ್‌ನಾಗೆ ಅದ್ದಿದ್ರಾ?"

"ಹೂಂ."

"ಹುಳದ ಮನೆನಾ?"

"ಹೂಂ."

"ಅಯ್ಯೋ, ನಮ್ಮವ್ವ ಟಿ.ವಿ. ರಿಮೋಟು ಅದ್ದಿದ್ಲು ಮೇಡಂ. ಕೇಳಿದ್ರೆ, ನೀನು ಹುಳದ ಮನೇಲಿ ಮರೆತು ಬುಟ್ಟಿದ್ದೆ, ಅದ್ಕೆ ತೊಳ್ದೆ ಅಂದ್ಲು." ನಕ್ಕ. ನಾನು ನಗಲಿಲ್ಲವೆಂದು ಅವನೂ ನಿಲ್ಲಿಸಿದ. "ಬೋರ್ಡು ತಿಂದಾಕೈತೆ. ಇದರ ಸಾಮಾನು ಸಿಗಾಕಿಲ್ಲ. ಆದ್ರೂ, ಬ್ಯಾಟ್ರಿ ತೆಗೆದಿವ್ನಿ, ಅಕ್ಷರ ಹೆಂಗೆ ಉಳ್ಕೊಂಡೈತೆ?"

ನಾನು ವಿವರಿಸಿದೆ. ಅವನು ತಲೆ ಅಲ್ಲಾಡಿಸಿದ.

"ಹಂಗಾರೆ ಕೆಟ್ಟೈತೆ ಅಂತ ಮನೇಲಿ ಹೆಂಗೆ ನಂಬಿಸ್ತೀರಿ?"

ಜಿಲ್ಲೆಯ ಅಷ್ಟು ಕಾಲೇಜುಗಳಲ್ಲಿ ನನ್ನ ಎದುರು ನಿಂತವರು ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಅವನು ಹಿಂಬದಿ ಮುಚ್ಚಿ ಕೊಟ್ಟ, ಕೂಲಿ ತೆಗೆದುಕೊಳ್ಳಲಿಲ್ಲ.

ಅಂಗಡಿಯ ಮುಂದೆಯೇ ನಿಂತು ಮರಳವಾಡಿಯ ಗೆಳತಿಗೆ ಫೋನ್ ಮಾಡಿದೆ. ಎಲ್ಲ ಬೇಡ, ನಾಲ್ಕೈದು ಪುಸ್ತಕ ವಾಪಸು ಸಿಗಬಹುದಾ ಅಂತ. "ಎಲ್ಲಕ್ಕೂ ಶಾಲೆ ಸೀಲು ಹಾಕಿ ಸ್ಟಾಕ್ ರಿಜಿಸ್ಟರಿಗೆ ಏರಿಸಿಬಿಟ್ಟಿದ್ದೀವಲ್ಲೇ. ಈಗ ಅದು ಸರ್ಕಾರದ್ದು. ಒಂದು ಕಮ್ಮಿ ಆದ್ರೂ ನಾನು ಬರೆದುಕೊಡಬೇಕು. ಮೊದಲೇ ಹೇಳಬಾರ್ದಿತ್ತಾ?" ಅಂದಳು. ಮೊದಲೇ ಏನು ಹೇಳಬೇಕಿತ್ತು ನಾನು? ವಾಪಸು ಪಡೆದರೂ ಅವು ಹುಳದ ಮನೆಯೊಳಕ್ಕೆ ಹೋಗುತ್ತಿರಲಿಲ್ಲ. ಕೇಳಿದ್ದೇ ಪೆದ್ದುತನ. ಆದರೂ ಕೇಳಿದ್ದೆ.

ಮನೆಯಲ್ಲಿ ನಂಬಿಸುವುದು ಕಷ್ಟವಾಗಲಿಲ್ಲ. ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಕಷ್ಟವಾದದ್ದು ಆಮೇಲಿನದು.

ಅಜ್ಜಿ ಶುರು ಮಾಡಿದಳು, "ಅಲ್ಲಾ, ತಟ್ಟೆ ತೊಳ್ದಂಗೆ ತೊಳೀಬೌದು ಅಂದಿದ್ಲಲ್ಲ ಇವ್ಳು?"

"ಅವಳು ಸರಿಯಾಗೇ ಹೇಳಿದ್ಲು ಕಣತ್ತೆ" ಅಂದಳು ಅವ್ವ. "ನಾನೇ ಎರಡು ಮುಳುಗು ಹಾಕ್ಬುಟ್ಟೆ. ತಟ್ಟೆಗೆ ಒಂದು ತಾನೆ ಹಾಕಾದು. ಆಸೆ ಜಾಸ್ತಿ ಆಯ್ತು ನಂಗೆ."

ಅಪ್ಪ, "ಹೋಗ್ಲಿ ಬುಡು, ವಸ್ತು ತಾನೆ" ಅಂದ. ನನ್ನ ಪರವಾಗಿ ಇಷ್ಟು ಚೆನ್ನಾಗಿ ಯಾರೂ ವಾದಿಸಿರಲಿಲ್ಲ. ಎದ್ದು ಹೇಳುವುದಕ್ಕೆ ಅದೇ ಸಮಯ. ನಾನು ಎದ್ದು ನೀರು ಕುಡಿಯಲು ಒಳಗೆ ಹೋದೆ.

ಹದಿನೈದು ದಿನ ಹಾಗೇ ಕಳೆಯಿತು. ಬಿಡದಿಯ ರೂಮಿನಲ್ಲಿ, ಕಾರ್ಖಾನೆಯ ಬಸ್ಸಿನಲ್ಲಿ ನಾನು ನನ್ನೊಡನೆ ವಾದ ಮಾಡಿದೆ. ಬ್ಲೀಚಿಂಗ್ ನೀರಿಗೆ ದುಬಾರಿ ಮಾದರಿಯೂ ನಿಲ್ಲುತ್ತಿರಲಿಲ್ಲ. ಹಾಗಾಗಿ ನನ್ನ ಸುಳ್ಳಿನಿಂದ ಕೆಟ್ಟಿತು ಎನ್ನಲಾಗದು, ಇದು ಒಂದು ಅಂಶ. ಸುಳ್ಳು ಹೇಳದಿದ್ದರೆ ಆ ಎರಡು ಬೆಳೆಯ ಓದೂ ಅವಳಿಗೆ ಸಿಗುತ್ತಿರಲಿಲ್ಲ, ಇನ್ನೊಂದು ಅಂಶ. ಎರಡೂ ಗಟ್ಟಿ ಅಂಶಗಳೇ. ಆದರೆ ಅವ್ವ ಎರಡನೆಯ ಮುಳುಗನ್ನು ನೆನೆದು ಹಣೆ ಚಚ್ಚಿಕೊಳ್ಳುತ್ತಿದ್ದಾಳೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ.

ಹೊಸ ಹುಳ ಬಂದು ಮೂರನೆಯ ಜ್ವರಕ್ಕೆ ಕೂತವು. ಶನಿವಾರ ಮಧ್ಯಾಹ್ನ. ರಜೆ ಹಾಕಿ ಬಂದಿದ್ದೆ. ಕಿಟಕಿಯ ಬಲೆಯಾಚೆ ಅವ್ವ ಕೂತಿದ್ದಳು. ಕೈಯಲ್ಲಿ ಕಡ್ಡಿ ಇರಲಿಲ್ಲ. ಕವರಿನೊಳಗೆ ಆ ಯಂತ್ರವಿತ್ತು. ಅದೇ ಹನ್ನೊಂದು ಸಾಲು. ಓದಿ ಮುಗಿಸಿ, ಕವರಿನ ಮೇಲೆ ಬೆರಳು ಒಮ್ಮೆ ಎಳೆದು, ಮತ್ತೆ ಮೇಲಿನಿಂದ ಓದುತ್ತಿದ್ದಳು.

"ಅವ್ವ" ಅಂದೆ. "ಅದು ಒಂದು ಮುಳುಗಿಗೂ ಕೆಡುತ್ತಿತ್ತು."

"ಹೂಂ?"

"ನೀರು ಬಿದ್ರೆ ಏನೂ ಆಗಲ್ಲ ಅನ್ನೋದು ಬೇರೆ ಮಾಡೆಲ್ಲು. ಇದಲ್ಲ. ನಂಗೆ ಗೊತ್ತಿತ್ತು."

ಅವಳು ತಲೆ ಎತ್ತಿದಳು. "ಗೊತ್ತಿತ್ತಾ?"

"ಹೂಂ."

"ಅತ್ತೆ ಒಪ್ಲಿ ಅಂತ ಅಂದ್ಯಾ?"

ಹೌದು ಅನ್ನಬಹುದಿತ್ತು. ಅದು ಚೆನ್ನಾಗಿಯೂ ಇರುತ್ತಿತ್ತು. "ಗೆಲ್ಲೋಣ ಅಂತ ಅಂದೆ" ಅಂದೆ.

ಅವ್ವ ಹುಳಗಳ ಕಡೆ ತಿರುಗಿದಳು. ಅವು ಒಂದೂ ಅಲುಗುತ್ತಿರಲಿಲ್ಲ. "ಅವ್ರ ಮುಂದೆ ಅಂದೆ, ಅನ್ನು ಹೋಗ್ಲಿ. ಆಮೇಲೆ ನನ್ನ ಕಿವೀಲಾದ್ರೂ ಹೇಳ್ಬಾರ್ದಿತ್ತಾ ಕಣವ್ವ? ನಾನೇನು ಜಡ್ಜಾ?"

"ಇನ್ನೊಂದು ತಂದುಕೊಡ್ತೀನಿ" ಅಂದೆ.

"ಬ್ಯಾಡ. ತೊಳೆಯಾಕೆ ಆಯ್ತದಾ ಅಂತ ಕೇಳ್ತಾರೆ. ಆಗ ಏನಂತೀಯ?"

ತೊಳೆಯಲಾಗದು ಎಂದರೆ ಹುಳದ ಮನೆಗೆ ಪ್ರವೇಶವಿಲ್ಲ, ತೊಳೆಯಬಹುದು ಎಂದರೆ ಡ್ರಮ್ಮು ಕಾದಿದೆ. ಅಜ್ಜಿಯ ನಿಯಮ ತಪ್ಪೆಂದು ತೋರಿಸಲು ನನ್ನ ಬಳಿ ಸಾಕ್ಷಿಯಿಲ್ಲ. ಸಪ್ಪೆ ರೋಗ ಮತ್ತೆ ಬಂದಿಲ್ಲ ಕೂಡ.

"ಬಾಗ್ಲು ತೆಗೆದ್ನಾ?" ಅವ್ವ ಕೇಳಿದಳು.

"ಯಾರು?"

"ಅವಳ ತಮ್ಮ. ಟ್ರಂಕು ಇಳಿಸಿ ಬಾಗ್ಲು ತಟ್ಟವ್ಳೆ. ಒಳಗೆ ಯಾರೋ ಎದ್ದು ಬರೋ ಸದ್ದು ಆಯ್ತದೆ. ಅಲ್ಲಿಗೆ ನಿಂತೈತೆ." ಯಂತ್ರವನ್ನು ಬಲೆಯ ಹತ್ತಿರ ಹಿಡಿದಳು. ಕೊನೆಯ ಸಾಲು ಅರ್ಧ ವಾಕ್ಯಕ್ಕೆ ಮುಗಿದಿತ್ತು. ಸಣ್ಣ ಅಕ್ಷರವಿದ್ದಿದ್ದರೆ ಆ ಪುಟದಲ್ಲೇ ಬಾಗಿಲು ತೆರೆದಿರುತ್ತಿತ್ತು. ಅಕ್ಷರ ದೊಡ್ಡದು ಮಾಡಿದವಳು ನಾನು.

ಫೈಲು ನನ್ನ ಫೋನಿನಲ್ಲಿತ್ತು. ಹುಡುಕಿ, ಆ ಅರ್ಧ ವಾಕ್ಯ ಹಿಡಿದು, ಕಿಟಕಿಯ ಹೊರಗೆ ನಿಂತು ಓದತೊಡಗಿದೆ. ನಾಲ್ಕು ಸಾಲು ಓದುವಷ್ಟರಲ್ಲಿ ಅವ್ವ ಕೈ ಎತ್ತಿದಳು.

"ಭಾಷಣ ಮಾಡ್ಬ್ಯಾಡ ಕಣೆ. ಓದು."

ದನಿ ಇಳಿಸಿದೆ. ಒತ್ತಿ ಹೇಳುವ ಕಡೆ ಒತ್ತಲಿಲ್ಲ, ನಿಲ್ಲಿಸುವ ಕಡೆ ನಿಲ್ಲಿಸಲಿಲ್ಲ. ಬಾಗಿಲು ತೆರೆಯಿತು. ತೆರೆದವನು ತಮ್ಮನಲ್ಲ. ಅವ್ವ "ಅಯ್ಯೋ" ಅಂದಳು. ನಾನೂ ಅಂದುಕೊಂಡೆ, ಮನಸ್ಸಿನಲ್ಲಿ. ಮುಂದೇನು ಎಂದು ನನಗೇ ಆತುರವಾಗಿತ್ತು.

"ಒಸಿ ಜೋರಾಗಿ ಓದೆ" ಜಗುಲಿಯಿಂದ ಅಜ್ಜಿ ಕೂಗಿದಳು. "ಇಲ್ಲಿಗೆ ಕೇಳ್ಸಾಕಿಲ್ಲ."

ಅಪ್ಪ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವನು ಕೈ ನಿಲ್ಲಿಸಿ ಕೂತಿದ್ದ. ನಾನು ಜೋರಾಗಿ ಓದಿದೆ. ಆ ಹೆಂಗಸು ಅದೇ ಮನೆಯ ಮೆಟ್ಟಿಲ ಮೇಲೆ ಕೂತು ಅಳುವ ಜಾಗ ಬಂತು. ಬಲೆಯ ಆಚೆ ನೋಡಿದೆ. ಇಂಥ ಜಾಗದಲ್ಲಿ ಅವ್ವ ಒಬ್ಬಳೇ ಇದ್ದಾಗ ಸೆರಗಿನಿಂದ ಕಣ್ಣು ಒರೆಸುವುದನ್ನು ಇದೇ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೆ. ಈಗ ಅವಳು ಜಗುಲಿಯ ಕಡೆಗೊಮ್ಮೆ ನೋಡಿ, ಮುಖವನ್ನು ಗಟ್ಟಿ ಮಾಡಿಕೊಂಡು, ಒಂದು ತಟ್ಟೆಯನ್ನು ಸುಮ್ಮನೆ ಸರಿಪಡಿಸಿದಳು.

"ಆಮೇಲೆ?" ಅಂದಳು ಅಜ್ಜಿ.

"ಇವತ್ತಿಗೆ ಸಾಕು ಬುಡವ್ವ" ಅಂದಳು ಅವ್ವ, ನನಗೆ ಮಾತ್ರ ಕೇಳುವಂತೆ. "ಗಂಟಲು ಒಣಗಿರ್ತದೆ. ಹೋಗಿ ಮಜ್ಜಿಗೆ ಕುಡಿ."

ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ ಪಳಗಿದ ಗಂಟಲು ಅದು. ಆದರೂ ಫೋನು ಜೇಬಿಗೆ ಹಾಕಿಕೊಂಡು ಹೊರಟೆ. ಅಂಗಳದ ತುದಿಗೆ ಬಂದು ತಿರುಗಿ ನೋಡಿದೆ. ಅವ್ವ ಕಿಟಕಿಯಿಂದ ಒಳಕ್ಕೆ, ತಟ್ಟೆಗಳ ಮರೆಗೆ ಸರಿದು ಕೂತಿದ್ದಳು. ಕವರಿನ ಮೇಲೆ ಅವ್ವನ ಬೆರಳು ಮೊದಲನೆಯ ಸಾಲಿನ ಕೆಳಗೆ ಹರಿಯುತ್ತಿತ್ತು, ಆಮೇಲೆ ಎರಡನೆಯದರ ಕೆಳಗೆ.